ಉಣ್ಣಿ ಕೊಟ್ಟ ನೇಮ

ತಮ್ಮಾ, ತಂಗೀ, ನಾನು ಅಂಗಡಿಯಲ್ಲಿ ಚಿಪ್ಸ್ ಪೊಟ್ಟಣ ತಿರುವಿ ತಿರುವಿ ಓದುವುದನ್ನು ಕಂಡು ನಗುತ್ತೀರಿ. ನಗಿರಿ. ಅದು ಹೇಗೆ ಶುರುವಾಯಿತೆಂದು ಬರೆದಿಡುತ್ತೇನೆ. ಎದುರಿಗೆ ಹೇಳಲು ನನಗೆ ನಾಚಿಕೆ.

ನಿಮ್ಮ ಅಜ್ಜ ತೀರಿದ ಮರುವರ್ಷ ಕುರಿಹಟ್ಟಿಯಲ್ಲಿ ಒಂದು ಉಣ್ಣಿ ನನ್ನ ಕಾಲಿಗೆ ಕಚ್ಚಿತು. ಕಿತ್ತೊಗೆದು ಮರೆತೆ. ಕೆಲವು ವಾರ ಕಳೆದು ಮಧ್ಯಾಹ್ನ ಮಟನ್ ಸಾರು ಉಂಡೆ. ಸಂಜೆಗೆ ಮೈಯೆಲ್ಲ ದದ್ದು, ತುಟಿ ಊದಿತು, ಗಂಟಲು ಕಟ್ಟಿ ಉಸಿರೇ ಸಿಗಲಿಲ್ಲ. ಹಾವೇರಿಯ ಡಾಕ್ಟರು ಉಳಿಸಿದರು.

"ಉಣ್ಣಿ ಕಡದು ಹಿಂಗ ಆಗೇತಿ ಅಮ್ಮಾ. ಮರಿಗೆ ಮೊಲಿ ಕುಡಿಸೋ ಯಾವ ಪ್ರಾಣಿ ಮಾಂಸಾನೂ ಬ್ಯಾಡ. ನಿಮಗ ಹಾಲೂ ಆಗಂಗಿಲ್ಲ. ಪೊಟ್ಟಣದ ತಿಂಡಿ ಓದಿ ತಿನ್ರಿ. ಕೋಳಿ ನಡೀತೈತಿ."

ಕಡಲೆಯಷ್ಟು ಹುಳ ನನಗೆ ಅಪ್ಪಣೆ ಕೊಟ್ಟಿತೆಂದು ಊರಿಗೆ ಹೇಗೆ ಹೇಳಲಿ? ಸುಮ್ಮನಿದ್ದೆ. ನಾನು ಮಟನ್ ಬಿಟ್ಟದ್ದಕ್ಕೆ ಊರವರೇ ಕಾರಣ ಹುಡುಕಿದರು: ಗಂಡ ಹೋದಮೇಲೆ ನೇಮ ಹಿಡಿದಿದ್ದಾಳೆ. ಕಾಗಿನೆಲೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರು. ಬೇಡವೆನ್ನುವಷ್ಟು ದೊಡ್ಡತನ ನನಗಿರಲಿಲ್ಲ. ಮನೆಯಲ್ಲಿ ಕೋಳಿ ಸಾರು ಕುದಿಯುವಾಗ ಮಾತ್ರ ಬಾಗಿಲು ಮುಂದೆ ಮಾಡುತ್ತಿದ್ದೆ.

ಆದರೆ ಪುಣ್ಯವಂತರ ಮುಂದೆ ಜನ ತಂದಿಡುವುದೇ ಹಾಲು, ಪೇಡೆ. ಹೊಟ್ಟೆ ಸರಿಯಿಲ್ಲವೆಂದು ತಪ್ಪಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಹೊಟ್ಟೆ ಕೆಟ್ಟ ಪುಣ್ಯವಂತೆ ಬೇರೆ ಯಾರೂ ಇರಲಿಕ್ಕಿಲ್ಲ.

ಹೋದ ವರ್ಷ ಬ್ಯಾಡಗಿಗೆ, ನಿಮ್ಮ ಸೋದರತ್ತೆಯ ಮನೆಗೆ ಹೋಗಿದ್ದೆ. ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ನನಗೆಂದೇ ರಾಣೆಬೆನ್ನೂರಿನಿಂದ ತರಿಸಿದ ಮಸಾಲೆ ಚಿಪ್ಸ್ ತಟ್ಟೆಗೆ ಸುರಿದರು. ನಾನು ಪೊಟ್ಟಣ ಕೇಳಿ ತೆಗೆದುಕೊಂಡು ಕನ್ನಡಕ ಏರಿಸಿದೆ.

"ಹಸರು ಚುಕ್ಕಿ ಐತ್ರಿ ಅಕ್ಕಾರ. ನಿಮ್ಮ ನೇಮ ಕೆಡಂಗಿಲ್ಲ, ತಿನ್ರಿ."

ಹಸಿರು ಚುಕ್ಕಿ ಮಾಂಸವಿಲ್ಲ ಎನ್ನುತ್ತದೆ, ಹಾಲಿನ ಮಾತೆತ್ತುವುದಿಲ್ಲ. ನೀವು ಕಲಿಸಿದ ಇಂಗ್ಲಿಷ್ ಪದಗಳನ್ನು ಹುಡುಕಿದೆ. ಇರುವೆ ಸಾಲಿನಂಥ ಅಕ್ಷರಗಳ ನಡುವೆ ಮಿಲ್ಕ್ ಪೌಡರ್ ಕುಳಿತಿತ್ತು. ತಟ್ಟೆ ಸರಿಸಿದೆ.

ಬೀಗಿತ್ತಿಯ ಮುಖ ಬಿಗಿಯಿತು. "ನಮ್ಮ ಮನೀದು ಮುಟ್ಟಬಾರದೇನ್ರಿ?"

ತಿಂದರೆ ಉಸಿರು ಕಟ್ಟುತ್ತಿತ್ತು, ಸುಮ್ಮನಿದ್ದರೆ ಮಗಳ ಮನೆಯ ನಂಟು ಹಳಸುತ್ತಿತ್ತು.

"ನೇಮ ಅಲ್ರಿ," ಎಂದೆ ನೆಲ ನೋಡುತ್ತ. "ಉಣ್ಣಿ ಕಡದೈತಿ." ಗಂಟಲು ಕಟ್ಟಿದ್ದು, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದೆ.

"ಅಂದ್ರ ಕೋಳಿ ತಿಂತೀರಿ?"

"ಆಯ್ತವಾರ ಆಯ್ತವಾರ."

ಅವರು ಸೊಂಟಕ್ಕೆ ಕೈಯಿಟ್ಟರು. "ನಿಮ್ಮನ್ನ ನೋಡಿ ನಾಚಿಗಿ ಬಂದು ನಾನೂ ಮಟನ್ ಬಿಟ್ಟು ಎರಡು ವರ್ಷ ಆತಲ್ರಿ. ನಿಮ್ಮ ಉಣ್ಣಿಗೆ ನಾ ಯಾಕ ಉಪಾಸ ಇರಬೇಕ್ರಿ?"

ಚಿಪ್ಸ್ ತಟ್ಟೆ ತಮ್ಮ ಕಡೆ ಎಳೆದುಕೊಂಡು ಅಷ್ಟನ್ನೂ ಅವರೇ ತಿಂದರು. ಅಂದು ಸಂಜೆ ಒಂದು ಪಾತ್ರೆಯಲ್ಲಿ ಮಟನ್, ನನಗೆ ಬೇರೆ ಪಾತ್ರೆಯಲ್ಲಿ ಕೋಳಿ, ಸೌಟೂ ಬೇರೆ.

ಊರಲ್ಲಿ ಇನ್ನೂ ಕೆಲವರಿಗೆ ನಾನು ನೇಮದವಳೇ. ನಾನು ಹೋದಮೇಲೆ ಯಾರಾದರೂ ಹಾಗೆ ಹೊಗಳಲು ನಿಂತರೆ ಇದನ್ನು ಗಟ್ಟಿಯಾಗಿ ಓದಿರಿ, ಅವರ ಮನೆಯಲ್ಲೂ ಯಾರೋ ಮಟನ್ ಬಿಟ್ಟು ಕೂತಿರಬಹುದು. ಅಲ್ಲಿಯವರೆಗೆ ಈ ಹಾಳೆಗಳನ್ನು ಮೆಣಸಿನಕಾಯಿ ಡಬ್ಬಿಯ ತಳದಲ್ಲಿ ಜೋಪಾನವಾಗಿಡಿ.