ಆರು ಲೀಟರ್ ಹಳೆಯ ಪೆಟ್ರೋಲು

ಲಾರಿಯವರು ಅವರಿಗಿಟ್ಟ ಹೆಸರು ತಕ್ಕಡಿ. ಎದುರಿಗೆ ‘ತಕ್ಕಡಿಯಣ್ಣ’ ಎನ್ನುತ್ತಿದ್ದರು, ಬೆನ್ನ ಹಿಂದೆ ಬರಿಯ ‘ತಕ್ಕಡಿ’. ಎರಡೂ ಅವರ ಕಿವಿಗೆ ಬಿದ್ದಿದ್ದವು. ಎರಡಕ್ಕೂ ಅವರ ಆಕ್ಷೇಪವಿರಲಿಲ್ಲ. ೧೯೮೮ನೆಯ ಇಸವಿ ಆಗಸ್ಟ್ ಒಂದನೆಯ ತಾರೀಕು, ಸೋಮವಾರ, ಅವರು ಸಿಮೆಂಟ್ ಗೋದಾಮಿನ ವೇಬ್ರಿಜ್ಜಿನಲ್ಲಿ ಕೆಲಸಕ್ಕೆ ಸೇರಿದರು. ನೆಲಮಟ್ಟದ ದೊಡ್ಡ ಕಬ್ಬಿಣದ ಹಲಗೆ, ಅದರ ಪಕ್ಕದಲ್ಲಿ ಕಿಟಕಿಯುಳ್ಳ ಒಂದು ಕೋಣೆ, ಕೋಣೆಯೊಳಗೆ ತೂಕ ತೋರಿಸುವ ಪೆಟ್ಟಿಗೆ: ಇಷ್ಟೇ ಅವರ ರಾಜ್ಯ. ಲಾರಿ ಹಲಗೆಯ ಮೇಲೆ ಬಂದು ನಿಂತರೆ ತೂಕ ಓದಿ ಚೀಟಿ ಬರೆಯಬೇಕು. ಬೆಳಗ್ಗೆ ಮೊದಲ ಲಾರಿ ಬರುವ ಮುನ್ನ ಹಲಗೆಯನ್ನು ಗುಡಿಸಿ, ಖಾಲಿ ಹಲಗೆ ಸೊನ್ನೆಯನ್ನೇ ತೋರಿಸುವುದೆಂದು ಖಚಿತಪಡಿಸಿಕೊಂಡು, ಆ ಸೊನ್ನೆಯನ್ನೂ ವೇಳೆಯೊಡನೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಸೊನ್ನೆಯನ್ನು ಬರೆದಿಡುವ ಮನುಷ್ಯನನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಅವರ ಅಕ್ಕ ಅವರಿಗಿಂತ ಐದು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ಅಕ್ಕನ ಮೂತ್ರಪಿಂಡಗಳು ಕೈಬಿಟ್ಟದ್ದರಿಂದ, ೨೦೧೮ರ ಜನವರಿ ೧೬ನೆಯ ಮಂಗಳವಾರದಿಂದ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಾಯಿತು. ಬೆಳಗಿನ ಆರು ಗಂಟೆಗೆ ಅವರ ಸರದಿ. ಆರೂವರೆಯವರೆಗೆ ಹಾಸಿಗೆಯನ್ನು ಕಾದಿರಿಸುತ್ತಾರೆ. ಆಮೇಲೆ ಅದು ಮುಂದಿನವರ ಪಾಲು. ಸರದಿ ತಪ್ಪಿದರೆ ಒಳಗೆ ಸೇರಿದ ನೀರು ಹೊರಬರುವ ದಾರಿಯಿಲ್ಲ. ಕಾಲು ಊದಿ, ಉಸಿರಿಗೆ ಜಾಗ ಸಾಲದಾಗುತ್ತದೆ.

ಆಸ್ಪತ್ರೆ ಮನೆಯಿಂದ ಹತ್ತೊಂಬತ್ತು ಕಿಲೋಮೀಟರು. ಹೋಗಿಬರಲು ಮೂವತ್ತೆಂಟು. ೨೦೧೭ರ ಜೂನ್ ೯ರಂದು ತಕ್ಕಡಿಯಣ್ಣ ಕೊಂಡಿದ್ದ ಹಳೆಯ ಕಾರು ಎರಡು ಬಗೆಯಲ್ಲಿ ಓಡುವಂಥದು. ಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿ ಬ್ಯಾಟರಿ ತುಂಬಿಸಿದರೆ ನಲವತ್ತು ಚಿಲ್ಲರೆ ಕಿಲೋಮೀಟರು ಸದ್ದಿಲ್ಲದೆ ಹೋಗುತ್ತದೆ. ಬ್ಯಾಟರಿ ಮುಗಿದರೆ ಒಳಗಿನ ಪೆಟ್ರೋಲ್ ಎಂಜಿನ್ ಕೆಲಸ ವಹಿಸಿಕೊಳ್ಳುತ್ತದೆ. ಮೂವತ್ತೆಂಟು ಕಿಲೋಮೀಟರಿಗೆ ಪೆಟ್ರೋಲಿನ ಹಂಗೇ ಇಲ್ಲ. ಲೆಕ್ಕ ಇಷ್ಟು ಸರಿಯಾಗಿ ಕೂಡಿಬಂದದ್ದೇ ಅವರಿಗೆ ಮುಳುವಾಯಿತು.

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಇವರು ತೂಕದ ಮನುಷ್ಯ. ಲಾರಿಯ ಭಾರ ಹೆಚ್ಚಿದಷ್ಟೂ ಡೀಸೆಲ್ ಕುಡಿಯುವುದನ್ನು ಮೂವತ್ತು ವರ್ಷ ಕಂಡವರು. ಕಾರಿನಲ್ಲಿ ವೃಥಾ ಭಾರ ಎಷ್ಟಿದೆಯೆಂದು ಹುಡುಕತೊಡಗಿದರು. ಹೆಚ್ಚುವರಿ ಚಕ್ರವನ್ನು ಗೋದಾಮಿನ ಮೂಟೆ ತೂಗುವ ಯಂತ್ರದ ಮೇಲಿಟ್ಟರು: ಹದಿನಾಲ್ಕು ಕಿಲೋ. ಜ್ಯಾಕು, ಸ್ಪ್ಯಾನರುಗಳು: ಐದು ಕಿಲೋ. ಟ್ಯಾಂಕಿನ ನಲವತ್ತು ಲೀಟರ್ ಪೆಟ್ರೋಲು, ಲೀಟರಿಗೆ ಏಳುನೂರ ನಲವತ್ತು ಗ್ರಾಮಿನಂತೆ, ಇಪ್ಪತ್ತೊಂಬತ್ತು ಕಿಲೋ ಆರುನೂರು ಗ್ರಾಂ. ೨೦೧೮ರ ಫೆಬ್ರವರಿ ೧೧, ಭಾನುವಾರ, ಚಕ್ರವೂ ಸಾಮಾನೂ ಅಟ್ಟ ಸೇರಿದವು; ಆರು ಲೀಟರು ಉಳಿಸಿ ಮಿಕ್ಕ ಪೆಟ್ರೋಲನ್ನು ಕೊಳವೆಯಿಂದ ಹೊರಗೆ ಎಳೆದದ್ದಾಯಿತು. ಎಳೆದುಕೊಟ್ಟವನು ಅವರ ಹೆಂಡತಿಯ ತಮ್ಮ, ಗ್ಯಾರೇಜು ನಡೆಸುವವನು.

“ಭಾವ, ಇದು ಬೇಡ ಅನ್ಸತ್ತೆ,” ಎಂದು ಅವನು ಅಂದೇ ಹೇಳಿದ್ದ.

“ಔಷಧಿಗಾಗೋಷ್ಟು ಇದ್ರೆ ಸಾಕು ಕಣೋ. ಕುಡಿಯದ ಎಣ್ಣೆ ಹೊತ್ಕೊಂಡು ಯಾಕೆ ತಿರುಗ್ಬೇಕು?”

“ಹಾಗಾದ್ರೆ ನೀವೂ ಒಂದೈದು ಕಿಲೋ ಇಳಿಸ್ಕೊಳ್ಳಿ. ಅದಕ್ಕೆ ಕೊಳವೆಯೂ ಬೇಡ.”

ಭಾರ ಇಳಿಸಿದ ಮೇಲೆ ಒಂದು ಕಿಲೋಮೀಟರು ಹೆಚ್ಚು ಓಡುತ್ತಿತ್ತೆಂಬುದು ಅವರ ದೃಢ ನಂಬಿಕೆ. ನನಗೆ ಆ ನಂಬಿಕೆಯಿಲ್ಲ. ಆದರೆ ಅವರ ಪುಸ್ತಕದಲ್ಲಿ ಹಾಗೆಯೇ ಬರೆದಿದೆ.

ಕಾರು ಮಾತ್ರ ಸುಮ್ಮನಿರಲಿಲ್ಲ. ಆರು ವಾರಕ್ಕೊಮ್ಮೆ ಎದುರಿನ ಪರದೆಯ ಮೇಲೆ ಸೂಚನೆ ಬರುತ್ತಿತ್ತು: ಎಂಜಿನ್ ಬಹಳ ದಿನದಿಂದ ನಿಂತಿದೆ, ಸ್ವಲ್ಪ ಹೊತ್ತು ಓಡಿಸಲೇ? ಅವರು ‘ನಂತರ’ ಎಂಬ ಗುಂಡಿಯನ್ನು ಒತ್ತಿ, ದಿನಾಂಕವನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ಕಾರು ಹಟ ಹಿಡಿದು ತಾನಾಗಿಯೇ ಎಂಜಿನ್ ಹೊತ್ತಿಸುವುದು. ಇವರು ಆಗಲೇ ಕೀಲಿ ತಿರುಗಿಸಿ ಆರಿಸುವರು. ಹಿಂದಿನ ಸೀಟಿನಿಂದ ಅಕ್ಕ, “ಪಾಪ, ಅದೇನೋ ಕೇಳ್ತಿದೆ ಕಣೋ, ಕೊಡಬಾರದಾ?” ಎನ್ನುವರು. “ಕೇಳಿದ್ದೆಲ್ಲ ಕೊಟ್ರೆ ಗಾಡಿಯೂ ಕೆಡತ್ತೆ, ಮಕ್ಕಳೂ ಕೆಡ್ತವೆ” ಎಂಬುದು ತಮ್ಮನ ಉತ್ತರ. ಅವರಿಗೆ ಮಕ್ಕಳಿರಲಿಲ್ಲ.

ಹೀಗೆ ಇಪ್ಪತ್ತು ತಿಂಗಳು. ಬೆಳಗ್ಗೆ ನಾಲ್ಕಕ್ಕೆ ಏಳುವುದು, ಅಕ್ಕನನ್ನು ಆಸ್ಪತ್ರೆಗೆ ಬಿಟ್ಟು ನಾಲ್ಕು ತಾಸು ಬೆಂಚಿನ ಮೇಲೆ ಕೂರುವುದು, ಮನೆಗೆ ಕರೆತಂದು, ಮಧ್ಯಾಹ್ನದ ಪಾಳಿಗೆ ವೇಬ್ರಿಜ್ಜಿಗೆ ಓಡುವುದು. ವಾರದಲ್ಲಿ ಎರಡು ದಿನ ಸೊನ್ನೆ ನೋಡುವ ಕೆಲಸವನ್ನು ಬೇರೆಯವರಿಗೆ ಬಿಡಬೇಕಾಗಿ ಬಂದದ್ದು ಅವರಿಗೆ ದೊಡ್ಡ ಕೊರಗು. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಲಾರಿಯವನೊಬ್ಬ, “ತಕ್ಕಡಿಯಣ್ಣ, ನಿಮ್ಮ ಕಣ್ಣಿನ ಚೀಲಕ್ಕೂ ಒಂದು ಚೀಟಿ ಬರೀರಿ” ಎಂದಾಗ ಎಲ್ಲರ ಜೊತೆ ಅವರೂ ನಕ್ಕರಂತೆ. ನಕ್ಕು ಮುಗಿಸುವುದೂ ಅವರಿಗೆ ಆಯಾಸವಾಗಿತ್ತು.

೨೦೧೯ರ ಅಕ್ಟೋಬರ್ ೨೨, ಮಂಗಳವಾರ. ಬುಧವಾರವೆಂದು ಕೆಲವರು ಹೇಳುವುದುಂಟು, ಅದು ತಪ್ಪು. ಬೆಳಗ್ಗೆ ನಾಲ್ಕು ಐವತ್ತಕ್ಕೆ ಹೊರಟರು. ಹನ್ನೆರಡು ಕಿಲೋಮೀಟರಿನ ಬಳಿ ನದಿಯ ಸೇತುವೆಗೆ ಅಡ್ಡಲಾಗಿ ಪೀಪಾಯಿಗಳು ನಿಂತಿದ್ದವು. ಕಂಬವೊಂದು ಬಿರುಕು ಬಿಟ್ಟಿದೆ, ರಾತ್ರಿಯಿಂದ ದಾರಿ ಬಂದ್, ಸುತ್ತಿಕೊಂಡು ಹೋಗಿ ಎಂದ ಕಾವಲುಗಾರ. ಅಲ್ಲಿಂದ ಆಸ್ಪತ್ರೆಗೆ ಸುತ್ತು ದಾರಿ ಮೂವತ್ತೇಳು ಕಿಲೋಮೀಟರು.

“ವಾಪಸ್ ಹೋಗೋಣ್ವೇನೋ?” ಎಂದರು ಅಕ್ಕ. ಹಿಂದಿನ ದಿನದಿಂದಲೇ ಅವರ ಪಾದಗಳು ಊದಿ, ಚಪ್ಪಲಿ ಹಿಡಿಸದೆ, ಅದು ಮಡಿಲಲ್ಲಿತ್ತು. ಬಾಯಾರಿಕೆಗೆ ನೀರು ಕುಡಿಯುವಂತಿಲ್ಲವಾದ್ದರಿಂದ ಐಸಿನ ಒಂದು ಚೂರನ್ನು ಚೀಪುತ್ತಿದ್ದರು.

“ಯಾಕೆ? ಬ್ಯಾಟರಿ ಮುಗಿದ್ರೆ ಎಂಜಿನ್ ಇದೆಯಲ್ಲ. ಅದು ಇರೋದೇ ಇಂಥ ಹೊತ್ತಿಗೆ.”

ಐದು ನಲವತ್ತಾರಕ್ಕೆ, ಆಸ್ಪತ್ರೆ ಇನ್ನೂ ಒಂಬತ್ತು ಕಿಲೋಮೀಟರು ಇರುವಾಗ, ಬ್ಯಾಟರಿ ಮುಗಿಯಿತು. ಎಂಜಿನ್ ಹೊತ್ತಿಕೊಂಡಿತು. ಇಪ್ಪತ್ತು ತಿಂಗಳು ಬಾಯಿ ಮುಚ್ಚಿಸಿದ್ದ ಎಂಜಿನ್ ಒಮ್ಮೆ ಕೆಮ್ಮಿತು, ಎರಡು ಬಾರಿ ಜಗ್ಗಿತು, ಮುನ್ನೂರು ಗಜದಷ್ಟು ತೆವಳಿ, ಮುಚ್ಚಿದ್ದ ಟೈರ್ ಅಂಗಡಿಯ ಮುಂದೆ ನಿಂತುಬಿಟ್ಟಿತು. ಇವರು ನಾಲ್ಕು ಬಾರಿ ಪ್ರಯತ್ನಿಸಿದರು. ಬಾಡಿಗೆ ಕಾರಿನವರಿಗೆ ಫೋನು ಮಾಡಿದರೆ, ಸೇತುವೆಯಿಂದಾಗಿ ಎಲ್ಲ ಗಾಡಿಗಳೂ ಸಿಕ್ಕಿಬಿದ್ದಿವೆ, ಒಂದು ತಾಸು ಎಂದರು. ಆಸ್ಪತ್ರೆಯ ಆಂಬುಲೆನ್ಸಿನವರ ಉತ್ತರವೂ ಅದೇ. ಕೊನೆಗೆ ಭಾವಮೈದುನನಿಗೆ ಫೋನು ಮಾಡಿದರು. ಅವನು ಸ್ಕೂಟರಿನ ಮುಂದೆ ಹತ್ತು ಲೀಟರಿನ ಕ್ಯಾನ್ ಇಟ್ಟುಕೊಂಡು ಬರುವಷ್ಟರಲ್ಲಿ ಆರು ಮೂವತ್ತೈದು. ಹಾಸಿಗೆ ಕೈತಪ್ಪಿ ಐದು ನಿಮಿಷವಾಗಿತ್ತು.

ಅವನು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ.

“ಭಾವ, ಇದು ಪೆಟ್ರೋಲಲ್ಲ. ಬಾಗಿಲಿಗೆ ಬಳಿಯೋ ವಾರ್ನಿಷ್.”

“ಪೆಟ್ರೋಲ್ ಹಳಸತ್ತೇನಯ್ಯಾ?”

“ಮನುಷ್ಯರೇ ಹಳಸ್ತಾರೆ. ಈ ಗಾಡಿಗೆ ಪೆಟ್ರೋಲ್ ಕಮ್ಮಿ ಸಾಕು ಭಾವ, ಆದ್ರೆ ಹೊಸದಿರ್ಬೇಕು. ವರ್ಷಕ್ಕೊಂದ್ಸಲನಾದ್ರೂ ಹಳೇದನ್ನ ಸುಟ್ಟು ಬೇರೆ ತುಂಬ್ಬೇಕು. ಆಗಾಗ ಹತ್ತು ನಿಮಿಷ ಎಂಜಿನ್ ತಿರುಗ್ಬೇಕು, ಇಲ್ದಿದ್ರೆ ಒಳಗೆಲ್ಲ ಅಂಟು. ಅದಕ್ಕೇ ಅದು ಕೇಳೋದು. ಎಷ್ಟು ಸಲ ಕೇಳಿತ್ತು?”

“ಹದಿನಾಲ್ಕು ಸಲ. ಬರೆದಿಟ್ಟಿದ್ದೀನಿ.”

ಭಾವಮೈದುನ ಏನೋ ಹೇಳಹೊರಟವನು, ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಉಸಿರನ್ನು ಎಳೆದೆಳೆದು ತೆಗೆದುಕೊಳ್ಳುತ್ತಿದ್ದ ಅಕ್ಕನನ್ನು ನೋಡಿ ಕೊಳವೆ ಕೈಗೆತ್ತಿಕೊಂಡ. ಹಳೆಯದನ್ನು ಎಳೆದು ತೆಗೆದ, ಹೊಸದನ್ನು ಸುರಿದ, ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದ. ಏಳು ಗಂಟೆ ಐದು ನಿಮಿಷಕ್ಕೆ ಎಂಜಿನ್ ಬಿಳಿ ಹೊಗೆ ಉಗುಳಿ ಎದ್ದಿತು.

ಆಸ್ಪತ್ರೆಯ ದಾದಿ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. “ಆರೂವರೆ ಆದ ಮೇಲೂ ಎರಡು ನಿಮಿಷ ಕಾದ್ವಿ ಅಮ್ಮ,” ಎಂದಳು ಅಕ್ಕನಿಗೆ. “ಇವತ್ತು ಎಲ್ಲಾ ಹಾಸಿಗೆನೂ ತುಂಬಿದೆ. ಮಧ್ಯಾಹ್ನದ ಸರದಿಯೋರು ಯಾರಾದ್ರೂ ಬರದಿದ್ರೆ ಹಾಕ್ತೀನಿ. ಅಲ್ಲೀವರೆಗೆ ಆಮ್ಲಜನಕ ಕೊಡಿಸ್ತೀನಿ.” ಯಾರಾದರೂ ಬರದಿದ್ದರೆ! ಬೇರೊಬ್ಬ ರೋಗಿಯ ದಾರಿಯೂ ತಪ್ಪಲೆಂದು ಹಾರೈಸಬೇಕಾದ ಸ್ಥಿತಿ. ಹಾಗೆ ಹಾರೈಸಿದೆನೆಂದು ಅವರೇ ನನಗೆ ಒಪ್ಪಿಕೊಂಡಿದ್ದಾರೆ.

ಅವರು ಬೆಂಚಿನ ಮೇಲೆ ಕೂತರು. ಗೋದಾಮಿಗೆ ಫೋನು ಮಾಡಿ ಬರುವುದಿಲ್ಲವೆಂದರು. ಎಂಟಾಯಿತು, ಹತ್ತಾಯಿತು, ಹನ್ನೆರಡಾಯಿತು. ಗಾಲಿಮಂಚದ ಮೇಲೆ ಒರಗಿದ್ದ ಅಕ್ಕನ ಮೂಗಿಗೆ ಕೊಳವೆ. ಅವರ ಚಪ್ಪಲಿ ತಮ್ಮನ ಕೈಯಲ್ಲಿ. ಒಂದು ಗಂಟೆಯ ಹೊತ್ತಿಗೆ ಅಕ್ಕ ಕಣ್ಣು ತೆರೆದು, “ಅದನ್ನ ಕೆಳಗಿಡೋ. ಯಾರಾದ್ರೂ ನೋಡಿದ್ರೆ ನಂಗೆ ಹೊಡೆಯೋಕೆ ಇಟ್ಕೊಂಡಿದ್ದೀಯ ಅಂದ್ಕೋತಾರೆ” ಎಂದರು. ಅವರು ಕೆಳಗಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದರು.

ನಾಲ್ಕು ಇಪ್ಪತ್ತಕ್ಕೆ ದಾದಿ ಬಂದು ಕರೆದಳು. ಸೇತುವೆಯ ಆಚೆ ಕಡೆಯ ಯಾರೋ ಒಬ್ಬರು ಬಂದಿರಲಿಲ್ಲ.

ಡಯಾಲಿಸಿಸ್ಸಿಗೆ ಮುನ್ನ ರೋಗಿಯನ್ನು ತೂಗುವುದು ನಿಯಮ; ಎಷ್ಟು ನೀರು ತೆಗೆಯಬೇಕೆಂಬುದು ಆ ತೂಕದಿಂದಲೇ ಗೊತ್ತಾಗಬೇಕು. ಅಕ್ಕನ ಸರಿಯಾದ ತೂಕ ಐವತ್ತೊಂದು ಕಿಲೋ. ಪ್ರತಿ ಬಾರಿಯೂ ದಾದಿಗಿಂತ ಮೊದಲು ಅಂಕಿ ಓದುತ್ತಿದ್ದವರು ಇವರೇ. ಅಂದು ಅಕ್ಕನ ರಟ್ಟೆ ಹಿಡಿದು ಯಂತ್ರದ ಮೇಲೆ ನಿಲ್ಲಿಸಿ, ತಾವು ಗೋಡೆಯತ್ತ ಮುಖ ಮಾಡಿ ನಿಂತರು.

“ಓದೋ,” ಎಂದರು ಅಕ್ಕ, ಉಸಿರಿನ ನಡುವೆ. “ಊರಿನ ಲಾರಿಗಳನ್ನೆಲ್ಲ ತೂಗಿದೋನು.”

ಅವರು ತಿರುಗಲಿಲ್ಲ. ದಾದಿಯೇ ಓದಿದಳು: ಐವತ್ತೈದು ಕಿಲೋ ನೂರು ಗ್ರಾಂ.

ಅಕ್ಕ ಉಳಿದರು. ಆದರೆ ಆ ದಿನದ ನಂತರ ಮೆಟ್ಟಿಲನ್ನು ಒಬ್ಬರೇ ಹತ್ತಲಾಗಲಿಲ್ಲ.

ಮೂರು ದಿನಗಳ ಮೇಲೆ, ಅಕ್ಟೋಬರ್ ೨೫ರ ಶುಕ್ರವಾರ, ಎಂದಿಗಿಂತ ಒಂದು ತಾಸು ಮೊದಲೇ ಅವರು ಸುತ್ತು ದಾರಿ ಹಿಡಿದು ಹೊರಟರು. ಹೆಚ್ಚುವರಿ ಚಕ್ರ ಅಟ್ಟದಿಂದ ಇಳಿದು ತನ್ನ ಜಾಗಕ್ಕೆ ಬಂದಿತ್ತು. ಜ್ಯಾಕು, ಸ್ಪ್ಯಾನರುಗಳೂ ಕೂಡ. ಟ್ಯಾಂಕಿನಲ್ಲಿ ಇಪ್ಪತ್ತು ಲೀಟರ್ ಹೊಸ ಪೆಟ್ರೋಲು; ಮುಚ್ಚಳದ ಒಳಬದಿಯಲ್ಲಿ, ತುಂಬಿಸಿದ ದಿನಾಂಕದ ಚೀಟಿ. ಎಂಜಿನ್ ಮೂರು ದಿನದ ಹಿಂದಷ್ಟೇ ಓಡಿದ್ದರೂ, ಆರು ವಾರದ ಗಡುವು ತಪ್ಪಿಸದೆ, ಮನೆಯ ತಿರುವು ದಾಟಿದೊಡನೆ ಪರದೆಯ ಮೇಲೆ ಅದೇ ಪ್ರಶ್ನೆ ಬಂದಿತು. ಅವರು ‘ಆಗಲಿ’ ಎಂಬ ಗುಂಡಿಯನ್ನು ಒತ್ತಿದರು. ಎಂಜಿನ್ ಗುರುಗುಟ್ಟಿತು.

“ಏನೋ ಇದು, ನಿಮ್ಮ ಭಾವ ಗೊರಕೆ ಹೊಡೀತಿದ್ದ ಹಾಗೆ?” ಎಂದರು ಅಕ್ಕ.

“ಹತ್ತು ನಿಮಿಷ ಓಡ್ಲಿ ಅಕ್ಕ.”

“ಚಕ್ರಾನೂ ಹಾಕಿದೀಯಂತೆ. ಗಾಡಿ ಭಾರ ಆಗಿರ್ಬೇಕಲ್ಲ.”

“ಆಗಿದೆ.”

“ಎಷ್ಟು?”

ಚಕ್ರ ಹದಿನಾಲ್ಕು, ಸಾಮಾನು ಐದು, ಪೆಟ್ರೋಲು ಹದಿನಾಲ್ಕು ಕಿಲೋ ಎಂಟುನೂರು ಗ್ರಾಂ: ಕೂಡಿಸಲು ಅವರಿಗೆ ಕ್ಷಣವೂ ಬೇಕಿರಲಿಲ್ಲ.

“ತೂಗಿಲ್ಲ,” ಎಂದರು.