ಒಂಬತ್ತನೇ ನಂಬರ್ ಬಸ್ಸಿನ ಲೀಡರ್

ಮಸ್ಕತ್ತಿನ ಬೌಷರ್‌ನಲ್ಲಿರುವ ಆ ಭಾರತೀಯ ಶಾಲೆಯಲ್ಲಿ ಮಾಧುರಿಯ ಹೆಸರು ಗೊತ್ತಿಲ್ಲದ ಶಿಕ್ಷಕರಿರಲಿಲ್ಲ. ಹನ್ನೊಂದನೇ ತರಗತಿ, ವಿಜ್ಞಾನ ವಿಭಾಗ. ಗಣಿತದಲ್ಲಿ ಮೂರು ವರ್ಷದಿಂದ ಅವಳನ್ನು ಹಿಂದೆ ಹಾಕಿದವರಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಗುರುವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಉಳಿದು ಐದನೇ ತರಗತಿಯ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಅಪ್ಪ ಬಸವಪ್ರಭು ರೋಣದ ಕಡೆಯವರು, ಸಮುದ್ರದ ಉಪ್ಪುನೀರನ್ನು ಸಿಹಿನೀರು ಮಾಡುವ ಘಟಕದಲ್ಲಿ ಟೆಕ್ನೀಷಿಯನ್. ಅವ್ವ ಸುವರ್ಣಾ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಮಗಳು ಮೂರು ವರ್ಷದವಳಿದ್ದಾಗ ಬಂದ ಸಂಸಾರ ಅದು.

ಶಾಲೆಯಲ್ಲಿ ಮೂರು ವರ್ಷದ ಹಿಂದೆ ಆನರ್ ಸೊಸೈಟಿ ಎಂದು ಒಂದು ಸಂಘ ಶುರುವಾಗಿತ್ತು. ವರ್ಷಕ್ಕೆ ಎಂಟೇ ಜನರಿಗೆ ಅದರಲ್ಲಿ ಜಾಗ. ಬರೀ ಅಂಕವಿದ್ದರೆ ಸಾಲದು. ವಿದ್ಯೆ, ನಾಯಕತ್ವ, ಸೇವೆ, ನಡತೆ, ಈ ನಾಲ್ಕರಲ್ಲೂ ಗಟ್ಟಿ ಇರಬೇಕು. ಅರ್ಜಿ ಬರೆಯಬೇಕು, ಸಮಿತಿಯ ಮುಂದೆ ಕೂತು ಉತ್ತರ ಕೊಡಬೇಕು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಫಿಸಿಕ್ಸ್ ಶಿಕ್ಷಕರಾದ ಮೈಸೂರಿನ ರಾಜಗೋಪಾಲ ಸರ್. "ಮೊದ್ಲು ನಿನ್ ಫಾರಂ ಕೊಡಮ್ಮ, ಮಿಕ್ಕ ಏಳು ಜನಾನ ಆಮೇಲೆ ಹುಡುಕ್ಕೊಂಡ್ರಾಯ್ತು" ಎಂದು ಅವರು ತಮಾಷೆ ಮಾಡುತ್ತಿದ್ದರು. ಮಾಧುರಿ ಏಪ್ರಿಲ್ ಕೊನೆಯಲ್ಲೇ ಫಾರಂ ಕೊಟ್ಟಿದ್ದಳು. ನಾಯಕತ್ವ ಎಂಬ ಅಂಕಣದಲ್ಲಿ 'ಒಂಬತ್ತನೇ ಬಸ್ಸಿನ ಲೀಡರ್, ಎರಡು ವರ್ಷ' ಎಂದು ಬರೆದಿದ್ದಳು.

ಬಸ್ಸಿನ ಲೀಡರ್ ಎಂದರೆ ದೊಡ್ಡ ಪದವಿಯೇನಲ್ಲ. ಮಕ್ಕಳು ಹತ್ತುವಾಗ ಪಟ್ಟಿಯಲ್ಲಿ ಗುರುತು ಹಾಕಬೇಕು. ಶಾಲೆ ತಲುಪಿದ ಮೇಲೆ ಎಲ್ಲರೂ ಇಳಿದರೇ ಎಂದು ಕೊನೆಯ ಸೀಟಿನವರೆಗೆ ನಡೆದು ನೋಡಿ, ಪಟ್ಟಿಯ ಕೆಳಗೆ ಸಹಿ ಮಾಡಬೇಕು. ಪುಟ್ಟ ಮಕ್ಕಳನ್ನು ಇಳಿಸಿ ಕೆ.ಜಿ. ಕಟ್ಟಡಕ್ಕೆ ಕರೆದೊಯ್ಯುವುದು ಆಯಾ ಆಲ್ಬಿನಾಳ ಕೆಲಸ. ಆಲ್ಬಿನಾ ಶಿರ್ವದ ಕಡೆಯವಳು, ಐವತ್ತು ದಾಟಿದವಳು. ಆ ಬಸ್ಸಿನಲ್ಲಿ ಅವಳಿಗೆ ಏಳು ವರ್ಷವಾಗಿತ್ತು. ಮಕ್ಕಳೆಲ್ಲ ಅವಳನ್ನು ಆಲ್ಬಿನಾ ಆಂಟಿ ಎನ್ನುತ್ತಿದ್ದರು.

ಮೇ ತಿಂಗಳ ಒಂದು ಸೋಮವಾರ ಮೊದಲ ಪೀರಿಯಡ್ಡಿಗೇ ಫಿಸಿಕ್ಸ್ ಪರೀಕ್ಷೆ ಇತ್ತು. ಮಾಧುರಿ ಬಸ್ಸಿನಲ್ಲಿ ಮಡಿಲ ಮೇಲೆ ಸೂತ್ರಗಳ ಪುಸ್ತಕ ಬಿಡಿಸಿಕೊಂಡಿದ್ದಳು. ಪಟ್ಟಿ ಅದರ ಕೆಳಗಿತ್ತು, ಅಂದಿನ ಗುರುತುಗಳನ್ನು ಇನ್ನೂ ಹಾಕಿರಲಿಲ್ಲ. ಶಾಲೆ ಬಂತು. ಆಲ್ಬಿನಾ ಪುಟ್ಟ ಮಕ್ಕಳನ್ನು ಒಬ್ಬೊಬ್ಬರನ್ನೇ ಇಳಿಸಿ ಸಾಲು ನಿಲ್ಲಿಸಿ ಎಣಿಸಿದಳು. ಹತ್ತು ಮಕ್ಕಳಿದ್ದರು. ಇರಬೇಕಾದದ್ದು ಹನ್ನೊಂದು.

"ಮಾಧುರೀ, ಅಮೀನತ್ ಬಂದಿದ್ದಾಳಾ ಇವತ್ತು?" ಎಂದು ಕೆಳಗಿನಿಂದಲೇ ಕೇಳಿದಳು.

ಅಮೀನತ್ ಕೆ.ಜಿ.ಯ ಐದು ವರ್ಷದ ಹುಡುಗಿ. ಜ್ವರ ಬಂದು ಹಿಂದಿನ ದಿನ ಶಾಲೆಗೆ ಬಂದಿರಲಿಲ್ಲ. ಮಾಧುರಿ ಪಟ್ಟಿಯ ಮೇಲೆ ಕಣ್ಣು ಹಾಯಿಸಿದಳು. ಆ ಹೆಸರಿನ ಮುಂದೆ ಗೈರು ಎಂಬ ಗುರುತು ಕಂಡಿತು. ಅದು ಭಾನುವಾರದ ಅಂಕಣದಲ್ಲಿದ್ದ ಗುರುತು, ಸೋಮವಾರದ್ದಲ್ಲ.

"ಇಲ್ಲ ಆಂಟಿ, ಆಬ್ಸೆಂಟ್."

ಆಲ್ಬಿನಾ ಹತ್ತು ಮಕ್ಕಳನ್ನು ಕರೆದುಕೊಂಡು ಹೋದಳು. ಮಾಧುರಿ ಸೋಮವಾರದ ಅಂಕಣದಲ್ಲೂ ಅಮೀನತ್‌ಗೆ ಗೈರು, ಮಿಕ್ಕವರಿಗೆ ಹಾಜರು ಎಂದು ಬರೆದು, ಕೆಳಗೆ ಸಹಿ ಹಾಕಿ, ಕೊನೆಯ ಸೀಟಿನತ್ತ ಕತ್ತು ಸಹ ತಿರುಗಿಸದೆ ಇಳಿದುಹೋದಳು.

ಅಮೀನತ್ ಅಂದು ಬಂದಿದ್ದಳು. ಜ್ವರದ ಸುಸ್ತು ಇನ್ನೂ ಇತ್ತು. ಹಿಂದಿನ ಉದ್ದ ಸೀಟು ಖಾಲಿ ಕಂಡು ಅಲ್ಲಿ ಮಲಗಿದ್ದಳು. ಚಾಲಕ ಹಮೂದ್ ಬಸ್ಸನ್ನು ಶಾಲೆಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿ ಚಹಾ ಕುಡಿಯಲು ಹೋದ. ಎ.ಸಿ. ನಿಂತ ಬಸ್ಸು ಮೇ ತಿಂಗಳ ಬಿಸಿಲಿನಲ್ಲಿ ಕಾವಲಿಯಂತೆ ಕಾಯತೊಡಗಿತು. ಇಪ್ಪತ್ತೈದು ನಿಮಿಷದ ಮೇಲೆ, ಮರೆತ ಮೊಬೈಲು ತೆಗೆದುಕೊಳ್ಳಲು ಬಂದವನಿಗೆ ಒಳಗಿನಿಂದ ಗಾಜು ಬಡಿಯುವ ಸದ್ದು ಕೇಳಿತು. ಮಗು ಬೆವರಿನಲ್ಲಿ ತೊಯ್ದು ವಾಂತಿ ಮಾಡಿಕೊಂಡಿತ್ತು. ಅವನು ಎತ್ತಿಕೊಂಡು ನರ್ಸಿನ ಕೋಣೆಗೆ ಓಡಿದ. ಒದ್ದೆ ಬಟ್ಟೆ ಹಾಕಿದರು, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿದರು, ಆಮೇಲೆ ಆಸ್ಪತ್ರೆಗೂ ಕರೆದೊಯ್ದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಭಯವಿಲ್ಲ ಎಂದರು.

ಮಾಧುರಿಗೆ ಸುದ್ದಿ ತಲುಪಿದ್ದು ಪರೀಕ್ಷೆ ಮುಗಿಸಿ ಹೊರಗೆ ಬಂದಾಗ. ಗೆಳತಿ ಸ್ಪಂದನಾ ಓಡಿಬಂದು, "ನಿಮ್ ಬಸ್ಸಲ್ಲಿ ಒಂದ್ ಮಗು ಲಾಕ್ ಆಗಿತ್ತಂತೆ ಕಣೇ" ಎಂದಳು. ಯಾವ ಮಗು ಎಂದು ಮಾಧುರಿ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಸಾರಿಗೆ ವಿಭಾಗದ ಮೇಲ್ವಿಚಾರಕರು ಕರೆಸಿದರು. ಅವರ ಮೇಜಿನ ಮೇಲೆ ಅವಳ ಸಹಿ ಇದ್ದ ಪಟ್ಟಿ ಇತ್ತು. "ನೀನು ನೋಡಿಯೇ ಸಹಿ ಮಾಡಿದ್ದಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಸಹಿ ಮಾಡಿದ್ದೇನೆ ಸರ್" ಎಂದಳು ಮಾಧುರಿ.

ಅದು ಸುಳ್ಳಲ್ಲ, ನಿಜವೂ ಅಲ್ಲ. ಅವರು ಅಷ್ಟಕ್ಕೇ ತೃಪ್ತರಾದರು. "ನನಗೆ ಗೊತ್ತಿತ್ತು. ಆಯಾ ನಿನ್ನನ್ನು ಕೇಳಿದಳಂತೆ, ನೀನು ಇಲ್ಲ ಎಂದೆಯಂತೆ. ನಿನ್ನಂಥ ಹುಡುಗಿ ಹಾಗೆ ಮಾಡುವುದುಂಟೇ? ತಾನು ಎಣಿಸದೆ ಈಗ ನಿನ್ನ ಮೇಲೆ ಹಾಕುತ್ತಿದ್ದಾಳೆ. ನೀನು ನೋಡಿ ಇಳಿದ ಮೇಲೆ ಮಗು ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಬಸ್ಸು ಹತ್ತಿರಬೇಕು. ಅವಳನ್ನು ಕೆಲಸದಿಂದ ತೆಗೆಯುವುದೇ ಸರಿ. ನೀನು ಹೋಗು, ಕ್ಲಾಸ್ ತಪ್ಪಿಸಬೇಡ."

ಮಾಧುರಿ ಕ್ಲಾಸಿಗೆ ಹೋದಳು. ಅವಳ ಒಳ್ಳೆಯ ಹೆಸರೇ ಅಲ್ಲಿ ಸಾಕ್ಷಿ ಹೇಳಿ ಬಂದಿತ್ತು. ಆಲ್ಬಿನಾ ಆಡಿದ ನಿಜವನ್ನು ನಂಬುವವರಿರಲಿಲ್ಲ, ಏಕೆಂದರೆ ಅವಳ ಎದುರಿಗೆ ನಿಂತಿದ್ದುದು ನೂರಕ್ಕೆ ನೂರು ತೆಗೆಯುವ ಹುಡುಗಿಯ ಸಹಿ. ಮಧ್ಯಾಹ್ನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಬೇರೆ ಆಯಾ ಇದ್ದಳು.

ನಾಲ್ಕು ಗಂಟೆಗೆ ಅಪ್ಪ ಶಿಫ್ಟ್ ಮುಗಿಸಿ ಬಂದರು. ಅವ್ವ ಚಹಾ ಸೋಸುತ್ತಿದ್ದರು. ಮಾಧುರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಇಂಗ್ಲಿಷಿನಲ್ಲಿ ಶುರುಮಾಡಿದವಳು ಅರ್ಧಕ್ಕೆ ಕನ್ನಡಕ್ಕೆ ಬಂದಳು.

"ಕೂಸು ಆರಾಮ ಐತಲ್ಲ?" ಎಂದು ಸುವರ್ಣಾ ಎರಡು ಸಲ ಕೇಳಿದರು. ಆಮೇಲೆ ದನಿ ಇಳಿಸಿ, "ಬರೋ ಭಾನುವಾರ ನಿಂದು ಇಂಟರ್ವ್ಯೂ ಐತಿ. ಈಗ ಹೋಗಿ ಹೇಳಿದ್ರ ಆ ಸೊಸೈಟಿ ಹೋತು, ಕಾಲೇಜಿನ ಅರ್ಜಿಗೂ ಕುತ್ತು. ಆಕಿಗೆ ಬ್ಯಾರೆ ಸಾಲ್ಯಾಗ ಕೆಲಸ ಸಿಗಬೌದು, ನಾನೂ ನಾಕ ಮಂದೀನ ಕೇಳ್ತೀನಿ" ಎಂದರು.

"ಅವ್ವಾ, ಆಂಟಿ ನನ್ನ ಕೇಳಿದ್ರು. ಕೇಳಿದಾಗ ನಾನ ತಪ್ಪು ಹೇಳಿದ್ದು."

"ನಮ್ಮ ಪ್ಲಾಂಟಿನ್ಯಾಗ ಮೀಟರ್ ನೋಡದ ರೀಡಿಂಗ್ ಬರದವರನ್ನ ನಾ ಭಾಳ ಮಂದಿ ನೋಡೀನಿ" ಎಂದರು ಬಸವಪ್ರಭು. "ನಾನೂ ಒಮ್ಮೆ ಬರದೀನಿ. ಆವತ್ತ ಏನೂ ಆಗಲಿಲ್ಲ, ಹಂಗಾಗಿ ನಾ ಶಾಣ್ಯಾ ಆಗಿ ಉಳದೆ. ನಾ ನಿನ್ನ ಕೂಡ ಬರಬೇಕೇನವಾ?"

"ಬ್ಯಾಡ ಅಪ್ಪಾ. ನಾನ ಹೇಳ್ತೀನಿ."

ಸುವರ್ಣಾ ಚಹಾದ ಲೋಟವನ್ನು ಮಗಳ ಮುಂದೆ ಕುಕ್ಕಿ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಬಂದು ಅವಳ ತಲೆ ಸವರಿದರು.

ಮರುದಿನ ಅಸೆಂಬ್ಲಿಗೂ ಮುಂಚೆ ಮಾಧುರಿ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಪ್ರಿನ್ಸಿಪಾಲ್ ದಮಯಂತಿ ಮೇಡಂ ಕಡಿಮೆ ಮಾತಿನವರು. ರಾಜಗೋಪಾಲ ಸರ್ ಕೂಡ ಅಲ್ಲೇ ಇದ್ದರು. ಮಾಧುರಿ ನಿಂತುಕೊಂಡೇ ಹೇಳಿದಳು: ಹಿಂದಿನ ದಿನದ ಗುರುತು ನೋಡಿದ್ದು, ಆಲ್ಬಿನಾ ಆಂಟಿ ಕೇಳಿದಾಗ ಇಲ್ಲವೆಂದದ್ದು, ಕೊನೆಯ ಸೀಟಿಗೆ ಹೋಗದೆ ಸಹಿ ಮಾಡಿದ್ದು.

"ಇದನ್ನು ನಿನ್ನೆಯೇ ಯಾಕೆ ಹೇಳಲಿಲ್ಲ?" ಎಂದರು ಮೇಡಂ.

"ಹೆದರಿದೆ ಮೇಡಂ. ಮೇಲ್ವಿಚಾರಕರು ನನ್ನನ್ನು ನಂಬಿಬಿಟ್ಟರು. ನನಗೂ ಅದೇ ಅನುಕೂಲವಾಯಿತು."

ರಾಜಗೋಪಾಲ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆ ವಾರದೊಳಗೆ ತೀರ್ಮಾನಗಳಾದವು. ಆಲ್ಬಿನಾಳ ಕೆಲಸ ಉಳಿಯಿತು. ಹಿರಿಯಳಾಗಿ ತಾನೇ ಹತ್ತಿ ನೋಡಬೇಕಿತ್ತು ಎಂದು ಅವಳಿಗೆ, ಬಸ್ಸು ನಿಲ್ಲಿಸಿ ಹೋಗುವ ಮುಂಚೆ ಒಳಗೆ ನೋಡಬೇಕಿತ್ತು ಎಂದು ಹಮೂದನಿಗೆ, ಇಬ್ಬರಿಗೂ ಎಚ್ಚರಿಕೆಯ ಪತ್ರ ಹೋಯಿತು. ಮಾಧುರಿಯ ಲೀಡರ್‌ಗಿರಿ ಹೋಯಿತು. ಆ ವರ್ಷದ ಆನರ್ ಸೊಸೈಟಿಯ ಅರ್ಜಿಯನ್ನು ಹಿಂದಿರುಗಿಸಿದರು. ಅಮೀನತ್‌ಳ ತಂದೆತಾಯಿಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ, ಅವಳೇ ಕೇಳಿಕೊಂಡಳು. ಉಪ್ಪಿನಂಗಡಿ ಕಡೆಯ ಆ ತಾಯಿ ಅವಳ ಮಾತನ್ನು ಪೂರ್ತಿ ಕೇಳಿ, "ದೊಡ್ಡ ಹುಡುಗಿ ಒಬ್ಬಳು ಬಸ್ಸಿನಲ್ಲಿ ಇದ್ದಾಳಲ್ಲ ಅಂತ ನಾನು ಧೈರ್ಯದಲ್ಲಿ ಕಳಿಸ್ತಿದ್ದೆ. ಇನ್ನು ನನಗೆ ಆ ಧೈರ್ಯ ಎಲ್ಲಿಂದ ಬರ್ಬೇಕು ಹೇಳು" ಎಂದರು.

ಆಲ್ಬಿನಾ ಮರಳಿ ಬಸ್ಸಿಗೆ ಬಂದ ದಿನ ಮಾಧುರಿ ಅವಳ ಪಕ್ಕದ ಸೀಟಿಗೆ ಹೋಗಿ, "ಸಾರಿ ಆಂಟಿ" ಎಂದಳು.

ಆಲ್ಬಿನಾ ಕಿಟಕಿಯ ಕಡೆಗೇ ನೋಡುತ್ತ ಹೇಳಿದಳು: "ನೀನು ನಿಜ ಹೇಳಿದೆ, ಅದು ಒಳ್ಳೇದಾಯ್ತು. ಆದ್ರೆ ಹೇಳಿದ್ದು ಮರುದಿನ ಅಲ್ವಾ? ಮಧ್ಯದಲ್ಲಿ ಒಂದು ರಾತ್ರಿ ಇತ್ತು. ನಾನು ಹೇಗೆ ಕಳೆದೆ ಗೊತ್ತುಂಟಾ ನಿನಗೆ? ಪೆಟ್ಟಿಗೆ ಕಟ್ಲಿಕ್ಕೆ ಶುರು ಮಾಡಿದ್ದೆ ಮಾರಾಯ್ತಿ. ಈಗ ಹೋಗು, ನಿನ್ನ ಸೀಟಲ್ಲಿ ಕೂತ್ಕೋ."

ಮಾಧುರಿ ತನ್ನ ಸೀಟಿಗೆ ಹೋಗಿ ಕೂತಳು. ಫಿಸಿಕ್ಸ್ ಪರೀಕ್ಷೆಯ ಉತ್ತರಪತ್ರಿಕೆ ಅದೇ ದಿನ ಕೈಗೆ ಬಂದಿತ್ತು. ಮೂವತ್ತೈದಕ್ಕೆ ಮೂವತ್ತೈದು.

ಬೇಸಿಗೆ ರಜೆಗೆ ಮೂರು ವಾರ ಉಳಿದಿತ್ತು. ಶಾಲೆಯೆಲ್ಲ ಆ ವಿಷಯ ಮರೆತರೂ ಮಾಧುರಿಗೆ ಒಂದು ಯೋಚನೆ ಬಿಡಲಿಲ್ಲ. ಸಹಿಯನ್ನು ಮುಂದಿನ ಸೀಟಿನಲ್ಲಿ ಕೂತೂ ಮಾಡಬಹುದು. ಕೊನೆಯ ಸೀಟಿನವರೆಗೆ ಹೋಗದೆ ಮಾಡಲಾಗದ ಕೆಲಸ ಯಾವುದಾದರೂ ಇರಬೇಕು. ಹಾಗೆಂದು ಅವಳು ಒಂದು ಉಪಾಯ ಮಾಡಿದಳು. ಬಸ್ಸಿನ ಹಿಂದಿನ ಗಾಜಿನ ಬಳಿ ಕೊಕ್ಕೆಗೆ ಒಂದು ಹಲಗೆ ತೂಗುಹಾಕಿರಬೇಕು. ಮಕ್ಕಳು ಇಳಿದ ಮೇಲೆ ಅದನ್ನು ತೆಗೆದು ತಂದು ಚಾಲಕನ ಮುಂದಿನ ಗಾಜಿಗೆ ನೇತುಹಾಕಬೇಕು. ಮುಂದೆ ಹಲಗೆ ಕಾಣದಿದ್ದರೆ ಹಿಂದಿನ ಅಂಗಳದ ಕಾವಲುಗಾರ ಬಸ್ಸಿಗೆ ಗೇಟು ತೆರೆಯಬಾರದು.

ಹಲಗೆಯ ಮೇಲೆ ಏನು ಬರೆಯಬೇಕೆಂದು ಹಮೂದನನ್ನೇ ಕೇಳಿದಳು. ಹಮೂದ್ ಮುರುಕು ಹಿಂದಿಯಲ್ಲಿ, "ಖಾಲಿ ಅಂತ ಬರಿ. ಅರಬ್ಬಿಯಲ್ಲೂ ಖಾಲಿ, ಹಿಂದಿಯಲ್ಲೂ ಖಾಲಿ. ನಿಮ್ಮ ಭಾಷೆಯಲ್ಲಿ?" ಎಂದ.

"ನಮ್ಮಲ್ಲೂ ಖಾಲೀನೇ" ಎಂದು ಹಿಂದೆ ನಿಂತಿದ್ದ ಆಲ್ಬಿನಾ ಹೇಳಿದಳು. ಹಲವು ದಿನಗಳ ಮೇಲೆ ಅವಳು ಮಾಧುರಿಯಿದ್ದಲ್ಲಿ ತಾನಾಗಿ ಬಾಯಿ ಬಿಟ್ಟಿದ್ದಳು. "ಹಲಗೆ ಸಣ್ಣದು ಮಾಡ್ಬೇಡ. ದೂರದಿಂದ ಕಾಣ್ಬೇಕು. ಸೀಟಿನ ಕೆಳಗೆ ಕೂಡ ನೋಡ್ಬೇಕು ಅಂತ ಬರಿ. ಮಕ್ಕಳು ಅಡಗಿ ಕೂತ್ಕೊಳ್ತಾರೆ."

ಉಪಾಯ ಸುಲಭವಿತ್ತು, ಒಪ್ಪಿಸುವುದು ಸುಲಭವಿರಲಿಲ್ಲ. ಸಾರಿಗೆ ವಿಭಾಗದವರು ಸಮಯ ಹಾಳು ಎಂದರು. ಮಾಧುರಿ ಹದಿನಾಲ್ಕು ಬಸ್ಸುಗಳಲ್ಲಿ ಎರಡು ವಾರ ಗಡಿಯಾರ ಹಿಡಿದು ಕೂತು ಲೆಕ್ಕ ಮಾಡಿದಳು. ಹಿಂದೆ ಹೋಗಿ ನೋಡಿ ಹಲಗೆ ತರಲು ಒಂದು ಬಸ್ಸಿಗೆ ಸರಾಸರಿ ನಲವತ್ತೆರಡು ಸೆಕೆಂಡು. ಅದನ್ನು ಒಂದು ಪುಟದಲ್ಲಿ ಬರೆದು ರಾಜಗೋಪಾಲ ಸರ್ ಕೈಯಲ್ಲಿಟ್ಟಳು. ಸರ್ ಓದಿ, "ಇದನ್ನ ನೀನೇ ಮೀಟಿಂಗಲ್ಲಿ ಹೇಳ್ಬೇಕು. ನಾನು ಪಕ್ಕದಲ್ಲಿ ಕೂತಿರ್ತೀನಿ ಅಷ್ಟೇ" ಎಂದರು. ಆಗಸ್ಟಿನಲ್ಲಿ ಶಾಲೆ ತೆರೆದಾಗ ಒಂಬತ್ತನೇ ಬಸ್ಸಿನಲ್ಲಿ ಹಲಗೆ ತೂಗಿತು. ಅಕ್ಟೋಬರ್ ಮುಗಿಯುವುದರೊಳಗೆ ಎಲ್ಲ ಬಸ್ಸುಗಳಿಗೂ ಬಂತು. ಅವಳು ಆಗ ಲೀಡರ್ ಆಗಿರಲಿಲ್ಲ. ಆದರೂ ಬೆಳಿಗ್ಗೆ ಹತ್ತು ನಿಮಿಷ ಗೇಟಿನ ಬಳಿ ನಿಂತು, ಹಲಗೆ ಮರೆತ ಬಸ್ಸುಗಳನ್ನು ಹಿಂದಕ್ಕೆ ಕಳಿಸಿ ಬೈಸಿಕೊಳ್ಳುತ್ತಿದ್ದಳು.

ಮುಂದಿನ ವರ್ಷ ಹನ್ನೆರಡನೇ ತರಗತಿಯಲ್ಲಿ ಮತ್ತೆ ಅರ್ಜಿ ಹಾಕಿದಳು. ಹಾಕುವ ಮನಸ್ಸಿರಲಿಲ್ಲ, ಅವ್ವನೇ ಬಲವಂತ ಮಾಡಿದರು. ನಾಯಕತ್ವದ ಅಂಕಣದಲ್ಲಿ, ಲೀಡರ್ ಆಗಿದ್ದುದನ್ನೂ ಅದರಿಂದ ತೆಗೆದುಹಾಕಲ್ಪಟ್ಟಿದ್ದನ್ನೂ ಕಾರಣಸಹಿತ ಬರೆದಳು. ಸಮಿತಿಯ ಐವರಲ್ಲಿ ಒಬ್ಬರು, ಮಗುವಿನ ಜೀವದ ಪ್ರಶ್ನೆಯಾಗಿತ್ತು, ಕೊಡಬಾರದು ಎಂದು ಕಡ್ಡಿ ಮುರಿದಂತೆ ಹೇಳಿದರು. ದಮಯಂತಿ ಮೇಡಂ ಅವಳನ್ನು ಒಂದೇ ಪ್ರಶ್ನೆ ಕೇಳಿದರು: "ಅಂದು ಹಮೂದನಿಗೆ ಮೊಬೈಲು ನೆನಪಾಗದಿದ್ದರೆ?"

"ಅದನ್ನು ದಿನಾ ಯೋಚಿಸುತ್ತೇನೆ ಮೇಡಂ" ಎಂದಳು ಮಾಧುರಿ. "ಯೋಚಿಸಿ ಏನೂ ಸಿಕ್ಕಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ ಅಷ್ಟೆ."

ಒಬ್ಬರು ವಿರೋಧ, ನಾಲ್ವರು ಪರ. ಎಂಟು ಜನರ ಪಟ್ಟಿಯಲ್ಲಿ ಅವಳ ಹೆಸರೂ ಬಂತು. ಸಮಾರಂಭ ಒಂದು ಬುಧವಾರ ಸಂಜೆ ನಡೆಯಿತು. ಅಪ್ಪ ಶಿಫ್ಟ್ ಬದಲಿಸಿಕೊಂಡು ಬಂದಿದ್ದರು. ಅವ್ವ ಇಳಕಲ್ ಸೀರೆ ಉಟ್ಟಿದ್ದರು. ಆಲ್ಬಿನಾ ಕೊನೆಯ ಸಾಲಿನಲ್ಲಿ ಕೂತು, ಮಾಧುರಿ ಬ್ಯಾಡ್ಜು ಹಾಕಿಸಿಕೊಂಡು ಇಳಿದ ಮೇಲೆ ಎದ್ದುಹೋದಳು. ಹೋಗುವಾಗ ಸುವರ್ಣಾಗೆ, "ಊಟ ಸರಿ ಮಾಡ್ಲಿಕ್ಕೆ ಹೇಳಿ ಅವಳಿಗೆ, ತೆಳ್ಳಗಾಗಿದ್ದಾಳೆ" ಎಂದಳಂತೆ.

ಸೊಸೈಟಿಯವರು ಒಂದೊಂದು ಸೇವೆ ವಹಿಸಿಕೊಳ್ಳಬೇಕು. ಹೊಸ ಬಸ್ ಲೀಡರ್‌ಗಳಿಗೆ ತರಬೇತಿ ಕೊಡುವುದನ್ನು ಮಾಧುರಿ ಆರಿಸಿಕೊಂಡಳು. ಮೊದಲ ದಿನ ಒಂಬತ್ತನೇ ತರಗತಿಯ ಹದಿನಾಲ್ಕು ಮಕ್ಕಳು ಬಂದಿದ್ದರು. ಹಲಗೆ, ಪಟ್ಟಿ, ಸೀಟಿನ ಕೆಳಗೆ ಬಗ್ಗಿ ನೋಡುವ ಕ್ರಮ, ಎಲ್ಲವನ್ನೂ ತೋರಿಸಿದಳು. ಒಬ್ಬ ಹುಡುಗಿ ಕೈಯೆತ್ತಿ, "ಅಕ್ಕಾ, ಯಾರಾದ್ರೂ ನಿಜವಾಗ್ಲೂ ಒಳಗೆ ಉಳ್ಕೊಂಡಿದ್ರಾ?" ಎಂದು ಕೇಳಿದಳು.

ಮಾಧುರಿ ಕುರ್ಚಿ ಎಳೆದುಕೊಂಡು ಅವರೆದುರು ಕೂತಳು. "ಹ್ಞೂ, ಉಳಿದಿದ್ಲು. ಆವತ್ತು ಆ ಬಸ್ಸಿನ ಲೀಡರ್ ನಾನೇ" ಎಂದು ಮೊದಲಿನಿಂದ ಹೇಳತೊಡಗಿದಳು.