ಟೈಲರಮ್ಮನ ಕೈಯಲ್ಲಿ ಆರಿಹೋಗುವ ಕಾರು

ಟೈಲರಮ್ಮ ತಲೆಗೂದಲು ನೆರೆತ ಮೇಲೆ ಕಾರು ಕಲಿತದ್ದು ಷೋಕಿಗಲ್ಲ. ಊರಿನ ಇನ್ನೊಂದು ತುದಿಯಲ್ಲಿ ಅವಳ ಅಕ್ಕ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು. ಬಸ್ಸು ಬದಲಿಸಿ ಬದಲಿಸಿ ಹೋದರೆ ಅಕ್ಕನ ಮುಖ ನೋಡುವಷ್ಟರಲ್ಲಿ ವಾಪಸು ಹೊರಡುವ ಹೊತ್ತಾಗುತ್ತಿತ್ತು. ಮೆಕ್ಯಾನಿಕ್ ಗಂಡ ಒಂದು ಹಳೇ ಕಾರು ತಂದ. ಅದಕ್ಕೆ ಒಂದೇ ಕೀಲಿ ಇತ್ತು. ಬೀದಿ ಮೂಲೆಯಲ್ಲಿ ಇನ್ನೊಂದು ಮಾಡಿಸಿ ಹೆಂಡತಿಯ ಕೈಗಿಟ್ಟ. ಮದುವೆಯಾದಾಗಿನಿಂದ ಇಷ್ಟು ಪ್ರೀತಿ ತೋರಿಸಿದ್ದು ಇದೇ ಮೊದಲು ಎಂದು ಅವಳಿಗೆ ಅನ್ನಿಸಿತು.

ಕಾರು ಅವಳ ಕೈಯಲ್ಲಿ ಸ್ಟಾರ್ಟ್ ಆಗುತ್ತಿತ್ತು. ಒಂದು ಸಲ ಕೆಮ್ಮುವಷ್ಟು ಹೊತ್ತು ಓಡಿ ಆರಿಹೋಗುತ್ತಿತ್ತು.

ಗಂಡನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಬಾನೆಟ್ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಮಿನುಗುವ ದೀಪಗಳೆಂದರೆ ಅವನಿಗೆ ಆಗದು. ಈ ಕಾರಿನಲ್ಲಿ ಕೀಲಿಯ ಚಿತ್ರದ ಕೆಂಪು ದೀಪವೊಂದು ಸುಮ್ಮನೆ ನಿಂತಾಗಲೂ ಮಿಟುಕುತ್ತದೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದ.

ಮೊದಲು ಪೆಟ್ರೋಲ್ ಫಿಲ್ಟರ್ ಬದಲಿಸಿದ. ತಾನೇ ಸ್ಟಾರ್ಟ್ ಮಾಡಿ ನೋಡಿದ. ಕಾರು ಹೊಟ್ಟೆ ತುಂಬಿದ ಮಗುವಿನ ಹಾಗೆ ಹಾಯಾಗಿತ್ತು. ಹೆಂಡತಿ ಕೂತಳು, ಆರಿತು. ಪೆಟ್ರೋಲ್ ಪಂಪು ಬದಲಿಸಿದ, ಗಾಳಿಯ ಪೈಪು ಬದಲಿಸಿದ. ಅವನಿಗೆ ಓಡಿತು, ಅವಳಿಗೆ ಆರಿತು.

“ಕಾರಲ್ಲಿ ಏನೂ ಇಲ್ಲ. ನಿನ್ನ ಕಾಲು ಸರಿಯಾಗಿ ಕೂರ್ತಿಲ್ಲ,” ಎಂದ.

“ಡ್ರೈವಿಂಗ್ ಸ್ಕೂಲಿನ ಕಾರು ನನ್ನ ಕೈಲಿ ಓಡ್ತಿತ್ತಲ್ರೀ?”

“ಅದು ಸ್ಕೂಲಿನ ಕಾರು. ಏನು ಮಾಡಿದ್ರೂ ಸಹಿಸ್ಕೊಳ್ಳುತ್ತೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.”

ಹೊಲಿಗೆ ಯಂತ್ರದ ಪೆಡಲ್ ಮೇಲೆ ಜೀವಮಾನ ಸವೆಸಿದ ಕಾಲು ಅದು. ಆದರೂ ಟೈಲರಮ್ಮ ಗಂಡನ ಮಾತು ನಂಬಿದಳು. ಮತ್ತೆ ಬಸ್ಸು ಹತ್ತಿದಳು.

ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. “ಇವತ್ತು ನರ್ಸ್ ಬಂದು ನನ್ನ ಎಬ್ಬಿಸಿ ನಡೆಸ್ತಾರಂತೆ ಕಣೇ. ನೀನಿಲ್ದೆ ನಾನು ಏಳಲ್ಲ.”

ಬಸ್ಸು ಹಿಡಿದರೆ ಹೊತ್ತಿಗೆ ಮುಟ್ಟುವಂತಿರಲಿಲ್ಲ. ಟೈಲರಮ್ಮ ಕಾರಿಗೆ ಕೂತಳು, ಆರಿತು. ಇನ್ನೊಮ್ಮೆ ಆರಿತು. ದಾರ ಪದೇ ಪದೇ ತುಂಡಾದರೆ ಬಟ್ಟೆಯನ್ನೂ ದಾರವನ್ನೂ ಹಾಗೇ ಬಿಟ್ಟು ಸೂಜಿಯೊಂದನ್ನೇ ಬದಲಿಸಿ ನೋಡುವುದು ಅವಳ ಅಂಗಡಿಯ ಪದ್ಧತಿ. ಇಲ್ಲಿ ತಾನು ಬದಲಿಸಬಹುದಾದದ್ದು ಏನಿದೆ ಎಂದು ಯೋಚಿಸಿ, ಒಳಗೆ ಹೋಗಿ ಮೊಳೆಯಲ್ಲಿ ನೇತಾಡುತ್ತಿದ್ದ ಗಂಡನ ಕೀಲಿ ತಂದಳು. ಕಾರು ಸ್ಟಾರ್ಟ್ ಆಯಿತು. ಆರುತ್ತದೆಂದು ಕಾದಳು. ಆರಲಿಲ್ಲ.

“ರೀ, ಸ್ವಲ್ಪ ಬನ್ನಿ.” ಎಂಜಿನ್ ನಿಲ್ಲಿಸಿ, ಕೆಳಗಿಳಿದು ತನ್ನ ಕೀಲಿ ಕೊಟ್ಟಳು. “ಇದರಲ್ಲಿ ಸ್ಟಾರ್ಟ್ ಮಾಡಿ.”

ಮಾಡಿದ. ಆರಿತು. ಕಿವಿ ಚುರುಕುಮಾಡಿ ಮತ್ತೆ ಮಾಡಿದ, ಮತ್ತೆ ಆರಿತು. ಕೊನೆಗೆ ಟೇಪು ಕಿತ್ತು ನೋಡಿದ. ಕೆಂಪು ದೀಪ ಮಿಟುಕುತ್ತಲೇ ಇತ್ತು. ಅಸಲಿ ಕೀಲಿಯ ತಲೆಯೊಳಗೆ ಚಿಪ್ ಇರುತ್ತದೆ; ಅದು ಸಿಗದಿದ್ದರೆ ಕಾರು ಕಳ್ಳ ಬಂದನೆಂದು ಎಂಜಿನ್ ಆರಿಸಿಬಿಡುತ್ತದೆ. ಮೂಲೆ ಅಂಗಡಿಯ ಕೀಲಿಯಲ್ಲಿ ಚಿಪ್ ಇರಲಿಲ್ಲ. ಇಷ್ಟು ದಿನ ಕಾರು ಅವಳನ್ನು ಕಳ್ಳಿ ಎಂದುಕೊಂಡಿತ್ತು, ಗಂಡ ದಡ್ಡಿ ಎಂದುಕೊಂಡಿದ್ದ.

“ಕೀಲಿ ಮಾಡಿಸಿದ್ದು ನಾನೇ,” ಎಂದ ಅವನು, ಸಣ್ಣ ದನಿಯಲ್ಲಿ.

ಟೈಲರಮ್ಮನಿಗೆ ಖುಷಿಗಿಂತ ಸಿಟ್ಟು ಹೆಚ್ಚು ಬಂತು. ಅವನ ಮೇಲೆ ಅರ್ಧ, ನಂಬಿ ಕೂತ ತನ್ನ ಮೇಲೆ ಅರ್ಧ. ಜಗಳಕ್ಕೆ ಪುರಸೊತ್ತಿರಲಿಲ್ಲ. ಅವನನ್ನು ಇಳಿಸಿ, ಅಸಲಿ ಕೀಲಿ ಹಾಕಿ ಹೊರಟಳು.

ಅಕ್ಕ ಮಂಚದ ಅಂಚಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ನರ್ಸ್ ತೋಳು ಹಿಡಿದು ಬೇಡಿಕೊಳ್ಳುತ್ತಿದ್ದಳು.

“ಇಷ್ಟು ಬೇಗ ಹೆಂಗೆ ಬಂದೆ?”

“ಕಾರಲ್ಲಿ.”

“ಯಾರು ಓಡಿಸಿದ್ರು?”

“ನಾನೇ ಅಕ್ಕಾ. ಒಬ್ಬಳೇ.”

ಅಕ್ಕ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನರ್ಸ್ ಕಡೆ ತಿರುಗಿ, “ನೀವು ಕೈ ಬಿಡಿ ತಾಯಿ, ಇವಳು ಹಿಡ್ಕೊಳ್ತಾಳೆ,” ಎಂದು ನೆಲಕ್ಕೆ ಕಾಲಿಟ್ಟಳು.